ಗಿರಾವೀನಿನಿಂದ ದ್ರಾಕ್ಷಿ ಪಡಕ್ಕೆ

ಗಿರಾವೀನ್‌ನಲ್ಲಿ ಪ್ರವಾಸಿಗೆ ನೋಡುವಂಥದ್ದು ಏನೂ ಇಲ್ಲ. ಮಗ ಇದನ್ನು ಫೋನಿನಲ್ಲೇ ಹೇಳಿದ್ದ. ಸಿಡ್ನಿ ನಗರದ ನಡುಭಾಗದಿಂದ ಪಶ್ಚಿಮಕ್ಕೆ ಸುಮಾರು 30 ಕಿಲೋಮೀಟರ್. ರೈಲು ಹಿಡಿಯಬೇಕೆಂದರೆ ಪೆಂಡಲ್ ಹಿಲ್‌ಗೋ ಟೂಂಗಾಬಿಗೋ ಹೋಗಬೇಕು. ಹೆಂಚಿನ ಮನೆಗಳು, ಅಗಲವಾದ ಹಿತ್ತಲುಗಳು, ಪ್ರವೇಶ ಪರೀಕ್ಷೆ ಬರೆದು ಗೆದ್ದವರನ್ನು ಮಾತ್ರ ಸೇರಿಸಿಕೊಳ್ಳುವ ಒಂದು ಸರ್ಕಾರಿ ಹೈಸ್ಕೂಲು. ನಮ್ಮವರ ಮನೆಗೆ ಚಹಾಕ್ಕೆ ಹೋದರೆ ಎರಡನೆಯ ಮಾತೇ ಆ ಪರೀಕ್ಷೆಯದು. ತಮಿಳರು, ಗುಜರಾತಿಗಳು, ತೆಲುಗರು, ನಮ್ಮ ಕಡೆಯವರು ಎಲ್ಲರೂ ಇದ್ದಾರೆ. ಮೆಂತ್ಯೆ ಸೊಪ್ಪು, ಜೋಳದ ಹಿಟ್ಟು, ಶೇಂಗಾ ಯಾವುದಕ್ಕೂ ಕೊರತೆಯಿಲ್ಲ.

ಆದರೆ ವಿಜಯಪುರ ಜಿಲ್ಲೆಯ ತಿಕೋಟಾ ಸೀಮೆಯಿಂದ ಬಂದ ನನಗೆ ಅಲ್ಲಿನ ಹಿತ್ತಲುಗಳೇ ಓದಲು ಸಾಕಾದವು. ಸಂಜೆ ತಿರುಗಾಡಲು ಹೊರಟರೆ ಬೇಲಿಯಾಚೆ ಕಾಣುವುದರಿಂದಲೇ ಯಾರು ಯಾವ ಕಾಲಕ್ಕೆ ಬಂದವರು ಎಂದು ತಿಳಿಯುತ್ತದೆ. ಕರಿಬೇವು, ನುಗ್ಗೆ ಇದ್ದರೆ ನಮ್ಮವರು, ಇತ್ತೀಚಿನವರು. ಕಬ್ಬಿಣದ ಪೈಪಿನ ಚಪ್ಪರಕ್ಕೆ ತೊಡೆಗಾತ್ರದ ದ್ರಾಕ್ಷಿ ಬಳ್ಳಿ ಹಬ್ಬಿದ್ದರೆ ಅದು ಮಾಲ್ಟಾ, ಇಟಲಿ ಇಲ್ಲವೆ ಕ್ರೊಯೇಷಿಯಾದಿಂದ ಎರಡನೆಯ ಮಹಾಯುದ್ಧದ ನಂತರ ಬಂದವರ ಮನೆ. ಹಡಗಿನ ಖರ್ಚನ್ನು ಭರಿಸಿ ಮಾಲ್ಟಾದವರನ್ನು ಕರೆಸಿಕೊಳ್ಳುವ ಒಪ್ಪಂದ ಆದದ್ದು 1948ರಲ್ಲಿ. ಪಶ್ಚಿಮ ಸಿಡ್ನಿಯಲ್ಲಿ ಕೋಳಿ ಸಾಕಿ, ತರಕಾರಿ ಬೆಳೆದು ಬದುಕು ಕಟ್ಟಿಕೊಂಡವರು ಅವರು. ಈಗ ಆ ಮುದುಕರು ಮನೆ ಮಾರಿ ಹೋಗುತ್ತಿದ್ದಾರೆ. ಕೊಂಡ ನಮ್ಮ ಹುಡುಗರು ಕಾರು ನಿಲ್ಲಿಸಲು ಜಾಗ ಬೇಕೆಂದು ಚಪ್ಪರ ಕೀಳಿಸುತ್ತಾರೆ.

ಇನ್ನೂ ಹಿಂದಕ್ಕೆ ಹೋದರೆ ಈ ಸೀಮೆಯೇ ಆಸ್ಟ್ರೇಲಿಯಾದ ದ್ರಾಕ್ಷಿಯ ತವರು. 1788ರ ಮೊದಲ ಹಡಗು ಪಡೆ ರಿಯೊ ಡಿ ಜನೈರೊ ಮತ್ತು ಗುಡ್‌ಹೋಪ್ ಭೂಶಿರದಿಂದ ತಂದ ಕಡ್ಡಿಗಳನ್ನು ಸಿಡ್ನಿಯ ಕಡಲ ಬದಿಯಲ್ಲಿ ಊರಿದರು. ಅಲ್ಲಿ ಅವು ಸರಿಯಾಗಿ ಏಳಲಿಲ್ಲ. ಆಮೇಲೆ ಒಳನಾಡಿನ ಪ್ಯಾರಮಟ್ಟಾಕ್ಕೆ, ಅಂದರೆ ಗಿರಾವೀನಿನ ನೆರೆಗೆ, ಬಂದರು. 1791ರಲ್ಲಿ ಫಿಲಿಪ್ ಶೇಫರ್ ಎಂಬ ಜರ್ಮನ್ನನಿಗೆ ಪ್ಯಾರಮಟ್ಟಾ ನದಿಯ ಉತ್ತರದಂಡೆಯಲ್ಲಿ 140 ಎಕರೆ ಸಿಕ್ಕಿತು. ಅವನು ಅಲ್ಲಿ ದ್ರಾಕ್ಷಿ ಹಾಕಿದ. ಈಸ್ಟ್‌ವುಡ್‌ನ ಬ್ರಷ್ ಫಾರ್ಮಿನಿಂದ ಗ್ರೆಗರಿ ಬ್ಲ್ಯಾಕ್ಸ್‌ಲ್ಯಾಂಡ್ 1822ರಲ್ಲಿ ಲಂಡನ್ನಿಗೆ ವೈನು ಕಳಿಸಿ, ಮರುವರ್ಷ ಬೆಳ್ಳಿಪದಕ ಪಡೆದ. ರೂಟಿ ಹಿಲ್ ಹತ್ತಿರದ ಮಿಂಚಿನ್‌ಬರಿಯಲ್ಲಿ ಇಪ್ಪತ್ತನೆಯ ಶತಮಾನದಲ್ಲೂ ದೊಡ್ಡ ತೋಟವಿತ್ತು. ಈಗ ಅಲ್ಲೆಲ್ಲ ಸೈಟು, ಮನೆ, ಗೋದಾಮು. ದೇವನಹಳ್ಳಿಯಲ್ಲಿ ಬೆಂಗಳೂರು ಬ್ಲೂ ದ್ರಾಕ್ಷಿ ಪಡುತ್ತಿರುವ ಪಾಡು ಇಲ್ಲಿ ಎಂದೋ ಮುಗಿದಿದೆ.

ನಮ್ಮ ಬೀದಿಯ ಮಾಲ್ಟಾ ಅಜ್ಜನ ಚಪ್ಪರ ಮಾತ್ರ ಉಳಿದಿತ್ತು. ಬೇಲಿಯ ಮೇಲಿಂದ ನಾನು ಬಳ್ಳಿಯ ಕಡೆ ನೋಡುವುದನ್ನು ಅವನು ನೋಡಿದ. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೆ. ಎಲೆಯ ಅಡಿ ತಿರುಗಿಸಿ ಬೂದಿರೋಗವಿದೆಯೇ ನೋಡಿದೆ. ಅವನು ನಕ್ಕು ಗಂಧಕದ ಪುಡಿಯ ಡಬ್ಬಿ ಎತ್ತಿ ತೋರಿಸಿದ. ಗೆಳೆತನಕ್ಕೆ ಅಷ್ಟು ಸಾಕಾಯಿತು. ಅವನ ಮಗಳು ಮತ್ತು ಅಳಿಯ ಹಂಟರ್ ಕಣಿವೆಯಲ್ಲಿ ಸಣ್ಣದೊಂದು ತೋಟ ಇಟ್ಟುಕೊಂಡಿದ್ದರು. ಬಹುಪಾಲು ಹಣ್ಣು ದೊಡ್ಡ ವೈನರಿಗೆ ಹೋಗುತ್ತದೆ, ಅದನ್ನು ಯಂತ್ರವೇ ಕೀಳುತ್ತದೆ. ಆದರೆ ಹಳೆಯ ಕೆಲವು ಸಾಲುಗಳನ್ನು ಪ್ರತಿವರ್ಷ ನೆಂಟರು, ನೆರೆಯವರು, ಮಕ್ಕಳ ಶಾಲೆಯ ಗೆಳೆಯರು ಕೂಡಿ ಕೈಯಿಂದ ಕೊಯ್ಯುತ್ತಾರೆ. ಆ ವೈನು ಮಾರಾಟಕ್ಕಲ್ಲ, ಕೊಯ್ದವರ ಮನೆಗೇ. ಜನವರಿ ಕೊನೆಯ ಶನಿವಾರ ನೀವೂ ಬನ್ನಿ ಎಂದ ಅಜ್ಜ. ನಮ್ಮಾಕಿ ಕೂಡಲೇ ರೊಟ್ಟಿ ಎಷ್ಟು ಬೇಕಾಗಬಹುದೆಂದು ಲೆಕ್ಕಕ್ಕಿಳಿದಳು.

ಗಿರಾವೀನಿನಿಂದ ನಸುಕಿನ ಮೂರೂವರೆಗೆ ಹೊರಟೆವು. ಎಂ2 ಹೆದ್ದಾರಿ, ಅಲ್ಲಿಂದ ಒಂಬತ್ತು ಕಿಲೋಮೀಟರ್ ಉದ್ದದ ನಾರ್ತ್‌ಕನೆಕ್ಸ್ ಸುರಂಗ, ಹೊರಬಂದರೆ ಉತ್ತರದ ಹೆದ್ದಾರಿ. ಹಾಕ್ಸ್‌ಬರಿ ನದಿಯ ಸೇತುವೆ ದಾಟುವಾಗ ಕತ್ತಲೆ ಇನ್ನೂ ಹರಿದಿರಲಿಲ್ಲ. ಸೆಸ್‌ನಾಕ್ ಹತ್ತಿರ ಬಂದಂತೆ ಬಲಗಡೆ ಬೆಳ್ಳಗಾಯಿತು, ಎಡಕ್ಕೆ ಬ್ರೋಕನ್‌ಬ್ಯಾಕ್ ಬೆಟ್ಟಸಾಲು ಮೂಡಿತು. ಪ್ರವಾಸಿಗರು ಮುತ್ತುವ ಪೊಕೊಲ್ಬಿನ್ ಬಿಟ್ಟು ಬ್ರೋಕ್ ಎಂಬ ಚಿಕ್ಕ ಊರಿನ ಕಡೆ ತಿರುಗಿದೆವು. ಚಿತ್ರಪಟದಂಥ ಹಳ್ಳಿ ಎಂದುಕೊಳ್ಳಬೇಡಿ. ಒಂದು ಬದಿ ಬಳ್ಳಿಸಾಲು, ಸ್ವಲ್ಪ ದೂರದಲ್ಲೇ ಕಲ್ಲಿದ್ದಲಿನ ತೆರೆದ ಗಣಿ, ಅದರ ಮಣ್ಣಿನ ಗುಡ್ಡೆ. ನ್ಯೂಕ್ಯಾಸಲ್ ಬಂದರಿಗೆ ಹೋಗುವ ಕಲ್ಲಿದ್ದಲೂ ಊಟದ ಮೇಜಿಗೆ ಬರುವ ವೈನೂ ಒಂದೇ ಕಣಿವೆಯವು.

ತೋಟದಲ್ಲಿ ಆಗಲೇ ಮೂವತ್ತು ನಲವತ್ತು ಜನ ಸೇರಿದ್ದರು. ಹಕ್ಕಿಗೆಂದು ಹೊದಿಸಿದ್ದ ಬಲೆಯನ್ನು ಹಿಂದಿನ ಸಂಜೆಯೇ ಸುತ್ತಿಟ್ಟಿದ್ದರು. ಅಳಿಯ ಎಲ್ಲರಿಗೂ ಕತ್ತರಿ, ಬಕೆಟ್ಟು ಕೊಟ್ಟು ಎರಡೇ ಮಾತು ಹೇಳಿದ: ಕಂದು ಹಾವು ಇರಬಹುದು, ಬೂಟು ಬಿಚ್ಚಬೇಡಿ, ಕೊಳೆತ ಗೊಂಚಲನ್ನು ಬಕೆಟ್ಟಿಗೆ ಹಾಕಬೇಡಿ. ನಮ್ಮಾಕಿ ಚೀಲದಿಂದ ಅರಿಸಿನ, ಕುಂಕುಮ ತೆಗೆದು ಮೊದಲ ಗಿಡದ ಕಾಂಡಕ್ಕೆ ಹಚ್ಚಿದಳು. ಅಜ್ಜ ಅದನ್ನು ನೋಡಿ ಟೊಪ್ಪಿಗೆ ತೆಗೆದು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲದೆ ಹಬ್ಬವೇ ಆಗದ ಮನೆತನದವಳು ಆಕೆ. ಈ ವರ್ಷ ಅದು ತಪ್ಪಿದ ಬೇಸರ ಸ್ವಲ್ಪ ಕಳೆದಂತಾಯಿತು.

ಹಣ್ಣು ಸೆಮಿಯಾನ್, ಬಿಳಿ ಜಾತಿ. ಬಾಯಿಗೆ ಹಾಕಿಕೊಂಡೆ: ಬೀಜ ಉಂಟು, ರಸ ಸಿಹಿಗಿಂತ ಹುಳಿಯ ಕಡೆಗೇ ಹೆಚ್ಚು. ನಮ್ಮಲ್ಲಾದರೆ ಇನ್ನೂ ಎರಡು ವಾರ ಬಿಡುತ್ತಿದ್ದೆವು. ಒಣದ್ರಾಕ್ಷಿ ಮಾಡುವವರಿಗೆ ಸಕ್ಕರೆಯ ಅಂಶ 22 ಬ್ರಿಕ್ಸ್ ದಾಟದೆ ಕತ್ತರಿ ಹಾಕಿದರೆ ತೂಕದಲ್ಲಿ ಪೆಟ್ಟು. ಅಳಿಯ ತನ್ನ ಅಳತೆಯ ಕೊಳವೆಯಲ್ಲಿ ಒಂದು ಹನಿ ಹಾಕಿ ತೋರಿಸಿದ, 19ರ ಆಸುಪಾಸು. ಹಂಟರ್‌ನವರಿಗೆ ಇದೇ ಹದ. ಫೆಬ್ರವರಿಯ ಮಳೆ ಬಂದು ಕಾಯಿ ಒಡೆಯುವ ಮೊದಲೇ ಕೊಯ್ಯುತ್ತಾರೆ. ಹಾಗಾಗಿ ವೈನಿನಲ್ಲಿ ಆಲ್ಕೋಹಾಲು ಶೇ 10–11ರಷ್ಟೇ. ಆದರೆ ಇಪ್ಪತ್ತು ವರ್ಷ ಇಟ್ಟರೂ ಕೆಡದ ವೈನು ಇದೇ ಹುಳಿಯಿಂದ ಬರುತ್ತದಂತೆ. ಮಳೆಗೆ ಹೆದರಿ ಕಲಿತದ್ದು ಪ್ರದೇಶದ ಹೆಸರಾಗಿಬಿಟ್ಟಿದೆ.

ಕೊಯ್ಲಿನಲ್ಲಿ ನಮ್ಮಾಕಿ ಎಲ್ಲರಿಗಿಂತ ಹಿಂದೆ ಬಿದ್ದಳು. ಕಾರಣ ಅವಳ ಕೈಯ ರೂಢಿ. ತಿನ್ನುವ ದ್ರಾಕ್ಷಿಯನ್ನು ಕೊಯ್ಯುವಾಗ ಬೆರಳು ಕಾಯಿಗೆ ತಾಗಕೂಡದು. ತಾಗಿದರೆ ಮೇಲಿನ ಬಿಳಿ ಪೊರೆ ಅಳಿಸಿ ಹಣ್ಣು ಹಳತಾದಂತೆ ಕಾಣುತ್ತದೆ, ವ್ಯಾಪಾರಿ ದರ ಇಳಿಸುತ್ತಾನೆ. ಎಡಗೈಯ ಎರಡು ಬೆರಳಲ್ಲಿ ತೊಟ್ಟು ಹಿಡಿದು, ಬಲಗೈಯಲ್ಲಿ ಕತ್ತರಿಸಿ, ಗೊಂಚಲನ್ನು ಬೆಳಕಿಗೆ ಹಿಡಿದು ಒಮ್ಮೆ ತಿರುಗಿಸಿ, ಒಡೆದ ಕಾಯಿಗಳನ್ನು ಕತ್ತರಿಯ ತುದಿಯಿಂದ ಒಂದೊಂದಾಗಿ ಚಿವುಟಿ ತೆಗೆದು, ತೊಟ್ಟು ಮೇಲಾಗುವಂತೆ ಇಡುತ್ತಿದ್ದಳು. ಪಕ್ಕದ ಸಾಲಿನ ಹುಡುಗಿ ಗೊಂಚಲನ್ನು ಅಂಗೈಯಲ್ಲಿ ಹಿಡಿದು ಕತ್ತರಿಸಿ ಧೊಪ್ಪನೆ ಎಸೆಯುವಳು. “ಆಕಿ ನೋಡ್ರಿ, ಹೆಂಗ ಒಗೀತಾಳ! ಮಾಲು ಹಾಳಾಗೂದಿಲ್ಲೇನು?” ಹೇಗೂ ಹಿಂಡುವ ಹಣ್ಣು, ಒಗೆದರೆ ಏನೂ ಆಗದು ಎಂದೆ. “ಹಿಂಡೂದು ಆಮ್ಯಾಲಿನ ಮಾತು” ಎಂದಳು. ಕೊನೆಯವರೆಗೆ ಹಾಗೆಯೇ ಕೊಯ್ದಳು. ಹತ್ತು ಗಂಟೆಗೆ ಟ್ರ್ಯಾಕ್ಟರಿನ ದೊಡ್ಡ ತೊಟ್ಟಿಗೆ ಬಕೆಟ್ಟು ಸುರಿಯುವಾಗ ಅಳಿಯ ಅವಳ ಬಕೆಟ್ಟನ್ನು ಎಲ್ಲರಿಗೂ ಎತ್ತಿ ತೋರಿಸಿದ. ಅಂಗಡಿಯಲ್ಲಿ ಜೋಡಿಸಿಟ್ಟ ಹಾಗಿತ್ತು.

ಬಿಸಿಲೇರುವ ಮೊದಲು ಕೊಯ್ಲು ನಿಲ್ಲಬೇಕು, ಕಾದ ಹಣ್ಣು ತೊಟ್ಟಿಯಲ್ಲೇ ಹುದುಗಲು ಶುರುವಾಗುತ್ತದೆ. ನಡುವೆ ಚಹಾದ ಬಿಡುವು. ಆಗ ಅಜ್ಜನ ಬಳಿ ಕೂತೆ. ಮಗ ದುಭಾಷಿ. ಅಜ್ಜ ಹುಡುಗನಾಗಿ ಬಂದು ಮೊದಲು ದುಡಿದದ್ದು ವಿಕ್ಟೋರಿಯಾದ ಮಿಲ್ಡುರಾದಲ್ಲಿ, ಮರ್ರೆ ನದಿಯ ದಂಡೆಯ ಒಣದ್ರಾಕ್ಷಿ ಸೀಮೆಯಲ್ಲಿ. 1887ರಲ್ಲಿ ಕೆನಡಾ ಮೂಲದ ಚಾಫಿ ಸಹೋದರರು ನದಿನೀರನ್ನು ಪಂಪಿನಿಂದ ಎತ್ತಿ ಮರಳುಗಾಡಿನಂಥ ನೆಲಕ್ಕೆ ಹರಿಸಿ ಕಟ್ಟಿದ ಊರು ಅದು. ಹಣ್ಣನ್ನು ತೂತಿನ ಡಬ್ಬಿಯಲ್ಲಿ ತುಂಬಿ ಅದ್ದುತ್ತಿದ್ದೆವು ಎಂದ ಅಜ್ಜ. ಯಾವುದರಲ್ಲಿ? ಪೊಟ್ಯಾಷ್ ಮತ್ತು ಎಣ್ಣೆ ಕಲಸಿದ ತಣ್ಣೀರಿನಲ್ಲಿ. ಆಮೇಲೆ ತಂತಿಬಲೆಯ ಅಂತಸ್ತಿನ ಮೇಲೆ ಹರವಿ, ಮೇಲೆ ತಗಡು ಹಾಕಿ, ಗಾಳಿಗೆ ಒಣಗಲು ಬಿಡುವುದು.

ನಾನು ಮಗನ ಮುಖ ನೋಡಿದೆ. ನಮ್ಮ ಶೆಡ್ಡಿನಲ್ಲಿ ಫೆಬ್ರವರಿ, ಮಾರ್ಚಿನಲ್ಲಿ ನಡೆಯುವುದು ಅಕ್ಷರಶಃ ಇದೇ. ಲೀಟರು ನೀರಿಗೆ 25 ಗ್ರಾಂ ಪೊಟ್ಯಾಷಿಯಂ ಕಾರ್ಬೊನೇಟು, 15 ಮಿಲಿ ಡಿಪ್ಪಿಂಗ್ ಆಯಿಲ್, ಅದ್ದಿ ತೆಗೆದು ಬಲೆಯ ಮೇಲೆ ಹರವಿದರೆ ಹಣ್ಣಿನ ಮೇಣದ ಪದರ ಸಡಿಲಾಗಿ ನೀರು ಬೇಗ ಹೊರಬರುತ್ತದೆ. ಸುಮಾರು ಹದಿನೈದು ದಿನಕ್ಕೆ ಹಸಿರುಛಾಯೆಯ ಮಣೂಕ ಸಿದ್ಧ. ಸಾಂಗ್ಲಿ, ತಾಸಗಾಂವದ ಕಡೆಯಿಂದ ನಮ್ಮಲ್ಲಿಗೆ ಬಂದ ಈ ಪದ್ಧತಿಯನ್ನು ಕೃಷಿ ಪುಸ್ತಕಗಳು ಆಸ್ಟ್ರೇಲಿಯಾ ಪದ್ಧತಿ ಎಂದೇ ಕರೆಯುತ್ತವೆ. ಆಸ್ಟ್ರೇಲಿಯಾದವರಿಗೂ ಅದು ಸ್ವಂತದ್ದಲ್ಲ: ಮೆಡಿಟರೇನಿಯನ್ ದಂಡೆಯ ರೈತರು ಕಟ್ಟಿಗೆಯ ಬೂದಿನೀರು, ಆಲಿವ್ ಎಣ್ಣೆ ಬೆರೆಸಿ ಅದ್ದುತ್ತಿದ್ದುದೇ ಇದರ ಮೂಲ. ಇನ್ನೊಂದು ಮಾತು: ಮಿಲ್ಡುರಾದವರು ಸುಲ್ತಾನಾ ಎನ್ನುವ ಜಾತಿಯೂ ನಮ್ಮ ಪಡದ ಥಾಮ್ಸನ್ ಸೀಡ್‌ಲೆಸ್ಸೂ ಒಂದೇ ಬಳ್ಳಿ. ಆ ಅಜ್ಜನೂ ನಾನೂ ಹರೆಯದಲ್ಲಿ ಒಂದೇ ಹಣ್ಣನ್ನು ಒಂದೇ ನೀರಿನಲ್ಲಿ ಅದ್ದಿದ್ದೆವು. ಪೊಟ್ಯಾಷಿನಿಂದ ಬೆರಳ ಸಂದಿ ಸುಲಿಯುವ ಸಂಗತಿಗೆ ಮಗ ದುಭಾಷಿಯಾಗುವ ಅಗತ್ಯ ಬೀಳಲಿಲ್ಲ. ಅಜ್ಜ ಕೈ ಚಾಚಿದ, ನಾನೂ ಚಾಚಿದೆ.

ಈಗ ಮಿಲ್ಡುರಾದಲ್ಲಿ ಅದ್ದುವ ಕೆಲಸವೂ ಬಹಳ ಕಡೆ ನಿಂತಿದೆಯಂತೆ. ಕಾಯಿ ಬಿಟ್ಟ ಕಡ್ಡಿಯನ್ನು ಬುಡದಲ್ಲಿ ಕತ್ತರಿಸಿ, ಬಳ್ಳಿಯ ಮೇಲೆಯೇ ಆ ದ್ರಾವಣ ಸಿಂಪಡಿಸಿ, ಅಲ್ಲೇ ಒಣಗಲು ಬಿಟ್ಟು, ಕೊನೆಗೆ ಯಂತ್ರದಿಂದ ಉದುರಿಸುತ್ತಾರೆ. ಆಳು ಬೇಕಿಲ್ಲ. ನಮ್ಮ ಕಡೆಯ ರೈತರು ಇದನ್ನು ಒಮ್ಮೆ ನೋಡಬೇಕು.

ಊಟಕ್ಕೆ ಉದ್ದನೆಯ ಮೇಜು, ಮರದ ಕೆಳಗೆ. ಒಬ್ಬೊಬ್ಬರು ಒಂದೊಂದು ತಂದಿದ್ದರು. ಸಜ್ಜಿರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಬೇಗ ಖಾಲಿಯಾದವು. ಊಟದ ಮೊದಲು ಮಕ್ಕಳನ್ನು ಮರದ ತೊಟ್ಟಿಗಿಳಿಸಿ ದ್ರಾಕ್ಷಿ ತುಳಿಸಿದರು. ಇದು ಕೇವಲ ಮೋಜು. ನಿಜವಾದ ಕೆಲಸ ತೊಟ್ಟು ಬಿಡಿಸುವ ಯಂತ್ರ, ಹಿಂಡುವ ಯಂತ್ರದ್ದು. ನಮ್ಮಾಕಿಯ ಮುಖ ಗಂಟಾಯಿತು. “ಉಣ್ಣೂ ಪದಾರ್ಥಕ್ಕ ಕಾಲು ಹಚ್ಚೂದಾ?” ಕಣದಲ್ಲಿ ಹಂತಿ ಕಟ್ಟಿ ಎತ್ತುಗಳಿಂದ ಜೋಳ ತುಳಿಸುತ್ತಿರಲಿಲ್ಲವೇ ಎಂದೆ. ಅವಳು ಸ್ವಲ್ಪ ಯೋಚಿಸಿ, “ಕಣದಾಗ ಕೆರವು ಬಿಟ್ಟು, ನಮಸ್ಕಾರ ಮಾಡಿ ಇಳೀತಿದ್ವಿ” ಎಂದಳು. ಮೊಮ್ಮಗಳು ಹಾಗೇ ಮಾಡಿದಳು: ತೊಟ್ಟಿಯ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡು ಇಳಿದಳು. ಅವಳ ಹಿಂದಿನ ಇಬ್ಬರು ಬಿಳಿ ಮಕ್ಕಳೂ, ಇದು ಆಟದ ನಿಯಮವೆಂದು ತಿಳಿದು, ಕಣ್ಣಿಗೊತ್ತಿಕೊಂಡೇ ಇಳಿದವು.

ಇಂಥ ದಿನವನ್ನು ಕಂಡು ಹಳ್ಳಿಗಾಡಿನ ಬದುಕು ಇಲ್ಲಿ ಚೆಂದ ಎಂದು ಬರೆದುಬಿಡುವುದು ಸುಲಭ. ಅಳಿಯನ ಮಾತು ಬೇರೆ. 2020ರ ಜನವರಿಯಲ್ಲಿ ಕಾಳ್ಗಿಚ್ಚಿನ ಹೊಗೆ ಕಣಿವೆಯ ಮೇಲೆ ವಾರಗಟ್ಟಲೆ ಕೂತಿತ್ತು. ಹೊಗೆಯ ವಾಸನೆ ಸಿಪ್ಪೆಯೊಳಗೆ ಇಳಿದರೆ ವೈನು ಬೂದಿ ನೆಕ್ಕಿದಂತಾಗುತ್ತದೆ. ಹಂಟರ್‌ನ ಅನೇಕರು ಆ ವರ್ಷ ಹಣ್ಣನ್ನು ಬಳ್ಳಿಯಲ್ಲೇ ಬಿಟ್ಟರು, ಇವರೂ ಬಿಟ್ಟರು. ಮರುವರ್ಷ ಮಾರ್ಚಿನಲ್ಲಿ ಚೀನಾ ಆಸ್ಟ್ರೇಲಿಯಾದ ವೈನಿನ ಮೇಲೆ ಶೇ 218ರವರೆಗೆ ಸುಂಕ ಹೇರಿತು, ತೆಗೆದದ್ದು 2024ರ ಮಾರ್ಚಿನಲ್ಲಿ. ಅಷ್ಟರಲ್ಲಿ ಒಳನಾಡಿನ ನದಿ ಬಯಲುಗಳ ಕೆಂಪು ದ್ರಾಕ್ಷಿ ಬೆಳೆಗಾರರು ಬಳ್ಳಿ ಕಿತ್ತುಹಾಕತೊಡಗಿದ್ದರು. ಟ್ಯಾಂಕರಿನಿಂದ ನೀರು ಹಾಕಿ ಪಡ ಉಳಿಸಿಕೊಂಡು, ಆಮೇಲೆ ದರ ಕುಸಿದಾಗ ಮಣೂಕವನ್ನು ಕೋಲ್ಡ್ ಸ್ಟೋರೇಜಿನಲ್ಲಿಟ್ಟು ಬಡ್ಡಿ ಎಣಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ.

ಕೂಲಿಯ ಮಾತೂ ಬಂತು. ದೊಡ್ಡ ತೋಟಗಳಲ್ಲಿ ಯಂತ್ರ; ಕೈಕೊಯ್ಲು ಬೇಕಾದಲ್ಲಿ ಬೆನ್ನುಚೀಲದ ವಿದೇಶಿ ಹುಡುಗರು, ವನುವಾಟು, ಟೋಂಗಾ ದ್ವೀಪಗಳಿಂದ ಹಂಗಾಮಿಗೆ ಬರುವವರು. 2024ರಿಂದ ಭಾರತದ ಯುವಕರಿಗೂ ವರ್ಷಕ್ಕೆ 1000 ಮಂದಿಯಂತೆ, ಚೀಟಿ ಎತ್ತಿ, ದುಡಿಯುತ್ತ ತಿರುಗುವ ವೀಸಾ ಕೊಡುತ್ತಿದ್ದಾರೆ. ಕೆಲವು ತೋಟಗಳವರು ಕೊಯ್ಲಿಗೆ ಟಿಕೆಟ್ ಇಟ್ಟಿದ್ದಾರೆ: ನಗರದವರು ದುಡ್ಡು ಕೊಟ್ಟು ಬಂದು, ಎರಡು ತಾಸು ಕೊಯ್ದು, ಉಂಡು, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಕೂಲಿ ಕೊಟ್ಟು ಕೂಲಿ ಮಾಡುವುದನ್ನು ನಮ್ಮೂರಲ್ಲಿ ಹೇಳಿದರೆ ನನ್ನ ತಲೆ ನೆಟ್ಟಗಿದೆಯೇ ಎಂದು ಕೇಳಿಯಾರು. ಈ ಕುಟುಂಬದ ಕೊಯ್ಲು ಆ ಬಗೆಯದಲ್ಲ. ಇದು ಸಾಫಾಗಿ ನಮ್ಮ ಮುಯ್ಯಿ. ನೀ ನಮ್ಮ ಹೊಲಕ್ಕೆ ಬಾ, ನಾ ನಿಮ್ಮ ಹೊಲಕ್ಕೆ ಬರುತ್ತೇನೆ. ನಡುವೆ ದುಡ್ಡಿಲ್ಲ, ಬುತ್ತಿ ಉಂಟು. ಬೇಲಿ ಕಟ್ಟಲು ಬಂದವನು, ಪಂಪು ರಿಪೇರಿ ಮಾಡಿದವಳು, ಹೊಗೆಯ ವರ್ಷ ಕುದುರೆಗಳಿಗೆ ಜಾಗ ಕೊಟ್ಟವನು, ಎಲ್ಲರೂ ಆ ಸಾಲುಗಳಲ್ಲಿದ್ದರು.

ನನಗೆ ಹೊಟ್ಟೆಕಿಚ್ಚಾದದ್ದು ಇಲ್ಲಿ. ಅವರ ಟ್ರ್ಯಾಕ್ಟರು, ಅವರ ಯಂತ್ರ ನಮ್ಮಲ್ಲಿಗೂ ಬಂದಾವು. ಕೈಗಳಿಗೆ ಬರವಿಲ್ಲದ ನಮ್ಮ ಸೀಮೆಯಲ್ಲಿ ಮುಯ್ಯಿ ಸತ್ತು ಎಷ್ಟೋ ಕಾಲವಾಯಿತು. ಬಳ್ಳಿ ಸವರುವ ಚಾಟ್ನಿಗೂ ಗುತ್ತಿಗೆ, ಕೊಯ್ಲಿಗೂ ಗುತ್ತಿಗೆ. ಕ್ರೂಸರ್ ಗಾಡಿಯಲ್ಲಿ ಬಂದ ತಂಡದವರ ಹೆಸರೂ ನಮಗೆ ಗೊತ್ತಿರುವುದಿಲ್ಲ. ಒಂದೊಂದು ಪಡದ ನಾಲ್ಕು ಸಾಲನ್ನಾದರೂ ಊರವರ ಕೈಗೆ ಬಿಡಲು ಏನು ಅಡ್ಡಿ? ಎಕರೆಗಟ್ಟಲೆ ಬೆಳೆಯುವವನಿಗೆ ನಾಲ್ಕು ಸಾಲು ಲೆಕ್ಕವಲ್ಲ.

ಮಾರ್ಚಿನಲ್ಲಿ ಮೆಲ್ಬರ್ನಿನ ತಂಗಿಯ ಮಗಳ ಮನೆಗೆ ಹೋದಾಗ ಯಾರಾ ಕಣಿವೆಯ ಒಂದು ತೋಟವನ್ನೂ ನೋಡಿದೆವು. ಹಂಟರ್‌ಗಿಂತ ತಂಪು, ಹಾಗಾಗಿ ಕೊಯ್ಲೂ ತಡ. ಅಲ್ಲಿ ನೆನಪುಳಿದದ್ದು ಬಾಗಿಲಲ್ಲಿಟ್ಟ ಕ್ಲೋರಿನ್ ನೀರಿನ ತಟ್ಟೆ. ಬೂಟು ಸಮೇತ ಅದರಲ್ಲಿ ಒಂದು ನಿಮಿಷ ನಿಲ್ಲಿಸಿದರು. ಫಿಲಾಕ್ಸೆರಾ ಎಂಬ ಬೇರು ತಿನ್ನುವ ಸಣ್ಣ ಹೇನು 1877ರಲ್ಲಿ ವಿಕ್ಟೋರಿಯಾದ ಗೀಲಾಂಗ್ ಬಳಿ ಕಾಣಿಸಿಕೊಂಡಿತ್ತು. ಯಾರಾ ಕಣಿವೆಗೆ ಬಂದದ್ದು 2006ರಲ್ಲಿ. ಮಣ್ಣಿನ ಹೆಂಟೆಯಲ್ಲಿ, ಎಲೆಯಲ್ಲಿ, ಬೂಟಿನಲ್ಲಿ ಅಂಟಿಕೊಂಡು ಅದು ಊರಿಂದೂರಿಗೆ ಹೋಗುತ್ತದೆ. ಹಂಟರ್‌ಗೆ ಇನ್ನೂ ತಲುಪಿಲ್ಲ. ಅಲ್ಲಿ 1879ರಲ್ಲಿ ನೆಟ್ಟ ಬಳ್ಳಿಗಳು ಇಂದಿಗೂ ತಮ್ಮ ಬೇರಿನ ಮೇಲೇ ನಿಂತು ಫಲ ಕೊಡುತ್ತಿವೆ. ನಾವು ಉಪ್ಪುನೀರಿಗೂ ಬರಕ್ಕೂ ತಡೆಯಲೆಂದು ಡಾಗ್‌ರಿಜ್ ಬೇರಿಗೆ ಕಸಿ ಕಟ್ಟುತ್ತೇವೆ. ಆ ಬೇರೂ ಅಮೆರಿಕದ್ದೇ, ಆ ಹೇನೂ ಅಮೆರಿಕದ್ದೇ.

ಗಿರಾವೀನ್ ಇರುವ ಸಿಡ್ನಿ ಸೀಮೆಯನ್ನೂ ಸರ್ಕಾರ ಈ ಹೇನು ಇರುವ ವಲಯವೆಂದೇ ಗುರುತಿಸಿದೆ. ಅದಕ್ಕೇ ಅಜ್ಜ ತನ್ನ ಹಿತ್ತಲಿನ ಒಂದು ಎಲೆಯನ್ನೂ ಮಗಳ ತೋಟಕ್ಕೆ ಒಯ್ಯುವುದಿಲ್ಲ, ಹೋಗುವಾಗ ಬೇರೆ ಬೂಟು ಹಾಕುತ್ತಾನೆ. ನಮಗೂ ಹೊಸ ಬೂಟು ಕೊಡಿಸಿದ್ದು ಅವನ ಕಟ್ಟಪ್ಪಣೆಯ ಮೇಲೆ.

ನಮ್ಮ ವೀಸಾ ಮುಗಿದು ಊರಿಗೆ ಬಂದೆವು. ಜುಲೈಯಲ್ಲಿ, ಅಲ್ಲಿನ ಚಳಿಗಾಲದಲ್ಲಿ, ಬಳ್ಳಿ ಸವರುವ ದಿನಕ್ಕೆ ಮುಯ್ಯಿ ತೀರಿಸಲು ಮಗ ಹೋಗಿದ್ದ. ಇಂಜಿನಿಯರಿಂಗ್ ಓದಲೆಂದು ಹದಿನೇಳಕ್ಕೆ ಊರು ಬಿಟ್ಟವನು ಎರಡು ಕಣ್ಣು ಬಿಟ್ಟು ಕತ್ತರಿಸಬೇಕೋ ಮೂರೋ ಎಂದು ತೋಟದಿಂದಲೇ ವಿಡಿಯೊ ಕರೆ ಮಾಡಿದ. ಎರಡು ಎಂದೆ.

ಸಿಡ್ನಿ, ಮೆಲ್ಬರ್ನಿನಲ್ಲಿರುವ ನಮ್ಮ ಮಕ್ಕಳಿಗೊಂದು ಮಾತು. ಅಪ್ಪ ಅಮ್ಮ ಬಂದರೆ ಒಪೆರಾ ಹೌಸು, ಹಾರ್ಬರ್ ಬ್ರಿಜ್ಜು, ದೇವಸ್ಥಾನ, ಮಾಲು ಎಲ್ಲ ತೋರಿಸುತ್ತೀರಿ. ಉಳಿದ ದಿನ ಅವರು ಕಿಟಕಿಯಲ್ಲಿ ಕೂತು ನೀವು ಬರುವ ಹೊತ್ತು ಎಣಿಸುತ್ತಾರೆ. ಒಕ್ಕಲುತನದ ಮನೆಯವರಾಗಿದ್ದರೆ ಅವರ ಟಿಕೆಟ್ಟನ್ನು ಡಿಸೆಂಬರಿಗೇ ಮಾಡಿಸಿ. ಹಂಟರ್‌ನಲ್ಲಿ ಬಿಳಿ ದ್ರಾಕ್ಷಿಯ ಕೊಯ್ಲು ಜನವರಿಯಲ್ಲೇ ಶುರು, ಯಾರಾ ಕಣಿವೆಯಲ್ಲಿ ಫೆಬ್ರವರಿ ಕೊನೆಯಿಂದ. ಬೀದಿಯಲ್ಲಿ ಹಳೆಯ ಚಪ್ಪರವಿದ್ದರೆ ಬೆಲ್ ಒತ್ತಿ ಮಾತಾಡಿಸಿ. ಬೂಟು ತೊಳೆದುಕೊಂಡು ಹೋಗಿ, ಬರುವಾಗ ಎಲೆ, ಕಡ್ಡಿ ಏನನ್ನೂ ತರಬೇಡಿ. ರೊಟ್ಟಿ ಸ್ವಲ್ಪ ಹೆಚ್ಚೇ ಕಟ್ಟಿಕೊಳ್ಳಿ.